ಅನುಭವಪತ್ರ ಮತ್ತು ಆಪ್ತವಾಕ್ಯ

ಇಂಜಿನಿಯರಿಂಗ್ ಓದಿದ ಮಗನೋ ಮಗಳೋ ಇಲ್ಲದ ಮನೆ ನಮ್ಮ ಸಮಾಜದಲ್ಲಿ ಇಂದು ವಿರಳ. ಪದವಿ ಪಡೆದು ಉದ್ಯೋಗಕ್ಕಾಗಿ ಅಲೆಯುವ ಕಾಲದಲ್ಲಿ ಆ ಮಕ್ಕಳಿಗೆ ಎದುರಾಗುವ ಒಂದು ಧರ್ಮಸಂಕಟವನ್ನು ಕುರಿತು ಪ್ರಕೃತ ವಿಚಾರ ಮಾಡೋಣ. ಇದು ಕೇವಲ ಲೌಕಿಕ ವಿಷಯವೆಂದು ತಳ್ಳಿಹಾಕತಕ್ಕದ್ದಲ್ಲ. ನ್ಯಾಯಾರ್ಜಿತವಾದ ಅನ್ನವನ್ನೇ ದೇವರಿಗೆ ಅರ್ಪಿಸಬೇಕೆಂದು ನಂಬಿದ ಮನೆತನಗಳಿಗೆ ಉದ್ಯೋಗದ ಬಾಗಿಲನ್ನು ಹೇಗೆ ತೆರೆದೆವೆಂಬುದೂ ಮುಖ್ಯವಾದುದೇ.

ಈಚೆಗೆ ಒಂದು ಸಂಜೆ ಪ್ರವಚನ ಮುಗಿದ ಮೇಲೆ ಪರಿಚಿತ ಗೃಹಸ್ಥರೊಬ್ಬರು ಮಗನೊಡನೆ ನಮ್ಮ ಬಳಿ ಬಂದರು. ಹುಡುಗನು ಮೆಕ್ಯಾನಿಕಲ್ ಪದವೀಧರ. ತೇರ್ಗಡೆಯಾಗಿ ಎರಡು ವರ್ಷ ಸಂದಿದ್ದವು. ಎಲ್ಲಿ ಅರ್ಜಿ ಹಾಕಿದರೂ ‘ಅನುಭವ ಉಳ್ಳವರು ಬೇಕು’ ಎಂಬುದೇ ಉತ್ತರ. ಕೆಲಸವಿಲ್ಲದೆ ಅನುಭವ ಬರುವುದಿಲ್ಲ; ಅನುಭವವಿಲ್ಲದೆ ಕೆಲಸ ದೊರೆಯುವುದಿಲ್ಲ. ಓದಿಗಾಗಿ ಮಾಡಿದ ಬ್ಯಾಂಕ್ ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಎದುರು ನಿಲ್ಲುತ್ತಿತ್ತು. ಹೀಗಿರಲು ಮಧ್ಯವರ್ತಿಯೊಬ್ಬನು, ಹಣ ಕೊಟ್ಟರೆ ಎರಡು ವರ್ಷದ ಅನುಭವಪತ್ರವನ್ನೂ ಸಂಬಳದ ಚೀಟಿಗಳನ್ನೂ ಮಾಡಿಸಿಕೊಡುವೆನೆಂದು ಹೇಳಿದ್ದನಂತೆ. ತಂದೆ ಕೇಳಿದರು: “ರಾಯರೇ, ಹುಡುಗನಿಗೆ ವಿದ್ಯೆ ಇದೆ, ಇಲ್ಲದ್ದು ಕಾಗದವೊಂದೇ. ಯಾರಿಗೂ ನಷ್ಟವಿಲ್ಲ. ಇದರಲ್ಲಿ ದೋಷವೇನು?”

ಈ ಪೂರ್ವಪಕ್ಷವನ್ನು ಹಗುರವಾಗಿ ಕಾಣಲಾಗದು. ಹೊಸಬರೂ ಮಾಡಬಲ್ಲ ಕೆಲಸಕ್ಕೆ ಅನುಭವವನ್ನು ಕೇಳುವುದು ಎಲ್ಲ ಸಂದರ್ಭಗಳಲ್ಲಿಯೂ ನ್ಯಾಯವಲ್ಲ. ಮಹಾಭಾರತದ ಕರ್ಣನ ಸ್ಥಿತಿಯೂ ಇಂಥದೇ. ದ್ರೋಣರು ಬ್ರಹ್ಮಾಸ್ತ್ರವನ್ನು ಉಪದೇಶಿಸಲು ನಿರಾಕರಿಸಿದಾಗ ಅವನು ಪರಶುರಾಮರಲ್ಲಿಗೆ ಹೋಗಿ, ತಾನು ಭೃಗುವಂಶದ ಬ್ರಾಹ್ಮಣನೆಂದು ಸುಳ್ಳು ಹೇಳಿ ಶಿಷ್ಯನಾದನು. ಅವನ ಶ್ರದ್ಧೆ ಸುಳ್ಳಲ್ಲ, ಸೇವೆ ಸುಳ್ಳಲ್ಲ, ಕಲಿತ ವಿದ್ಯೆಯೂ ಸುಳ್ಳಲ್ಲ. ಆದರೂ ಸತ್ಯವು ಹೊರಬಿದ್ದಾಗ ಗುರುಶಾಪಕ್ಕೆ ಗುರಿಯಾದನು; ಯುದ್ಧದ ಹದಿನೇಳನೆಯ ದಿನ, ಅತ್ಯಂತ ಅಗತ್ಯವಾಗಿದ್ದ ಗಳಿಗೆಯಲ್ಲಿ, ಆ ಅಸ್ತ್ರವು ಅವನ ಸ್ಮರಣೆಗೆ ಬರಲಿಲ್ಲ. ನಿಜವಾಗಿ ಕಲಿತವನ ಗತಿಯೇ ಹೀಗಾದರೆ, ಕಲಿಯದ ಎರಡು ವರ್ಷವನ್ನು ಕಲಿತೆನೆಂದು ಹೇಳುವವನ ಗತಿಯೇನು?

‘ಯಾರಿಗೂ ನಷ್ಟವಿಲ್ಲ’ ಎಂಬ ಮಾತನ್ನು ಈಗ ಪರಿಶೀಲಿಸೋಣ. ನಮ್ಮ ಸಿದ್ಧಾಂತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂದು ಪ್ರಮಾಣಗಳು ಮೂರು. ದೋಷರಹಿತವಾದ ಶಬ್ದವೇ ಆಗಮವೆನಿಸಿಕೊಳ್ಳುತ್ತದೆ. ಲೌಕಿಕ ವ್ಯವಹಾರದಲ್ಲಿಯೂ ಇದೇ ಕ್ರಮವುಂಟು. ಉದ್ಯೋಗ ಕೊಡುವವನು ಸಂದರ್ಶನದಲ್ಲಿ ಅರ್ಧ ಗಂಟೆ ಹುಡುಗನನ್ನು ಪ್ರತ್ಯಕ್ಷವಾಗಿ ನೋಡುತ್ತಾನೆ. ಅಂಕಪಟ್ಟಿಯಿಂದ ಅವನ ಬುದ್ಧಿಯನ್ನು ಅನುಮಾನಿಸುತ್ತಾನೆ. ಆದರೆ ಕಳೆದ ಎರಡು ವರ್ಷ ಆತನು ಏನು ಮಾಡಿದನೆಂಬುದು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ನಿಲುಕದು. ಅದಕ್ಕೆ ಮತ್ತೊಬ್ಬರ ಮಾತೇ ಆಧಾರ. ಅನುಭವಪತ್ರವು ಅಂಥ ಆಪ್ತವಾಕ್ಯ. ಒಂದು ಸುಳ್ಳು ಪತ್ರವು ಸಿಕ್ಕಿಬಿದ್ದರೆ ಮುಂದೆ ಬರುವ ಹತ್ತು ನಿಜವಾದ ಪತ್ರಗಳನ್ನೂ ಸಂಶಯದಿಂದಲೇ ನೋಡುತ್ತಾರೆ. ನಷ್ಟವನ್ನು ಹೊರುವವರು ಕಾಣದ ಆ ಹತ್ತು ಮಂದಿ ಬಡಮಕ್ಕಳು.

ಇಂಜಿನಿಯರನ ವೃತ್ತಿಯಲ್ಲಿ ಮತ್ತೊಂದು ಭಾರವೂ ಉಂಟು. 1907ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟುತ್ತಿದ್ದ ಸೇತುವೆಯು ಕುಸಿದು 75 ಮಂದಿ ಕೆಲಸಗಾರರು ಮೃತರಾದರು. ಸೇತುವೆಯ ಸ್ವಂತ ತೂಕವನ್ನು ನಿಜಕ್ಕಿಂತ ಕಡಿಮೆಯಾಗಿ ಎಣಿಸಿದ್ದರು. ತಪ್ಪು ತಿಳಿದ ಮೇಲೆಯೂ ಕೆಲಸ ಮುಂದುವರಿಯಿತು. ಅಲ್ಲಿದ್ದವರು ಅನುಭವವಿಲ್ಲದವರಲ್ಲ. ಅನುಭವವಿದ್ದವರ ಕೈಯಲ್ಲಿಯೇ ಕಾಗದದ ಅಂಕಿಯೂ ವಸ್ತುಸ್ಥಿತಿಯೂ ಬೇರೆಯಾದಾಗ ಕಬ್ಬಿಣವು ಕಾಗದವನ್ನು ಮನ್ನಿಸಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಬರೆಯುವ ಅಭ್ಯಾಸದಿಂದಲೇ ಈ ವೃತ್ತಿಯನ್ನು ಆರಂಭಿಸುವುದು ಉಚಿತವೇ?

ನಾವು ಇಷ್ಟನ್ನು ಹೇಳುತ್ತಿರುವಾಗ ಅದುವರೆಗೆ ಸುಮ್ಮನಿದ್ದ ಹುಡುಗನು ತಂದೆಯ ಕಡೆ ತಿರುಗಿ, “ಅಪ್ಪಾ, ಆ ಎರಡು ವರ್ಷದಲ್ಲಿ ಒಂದು ದಿನದ ಕೆಲಸ ಹೇಳು ಎಂದು ಅವರು ಕೇಳಿದರೆ, ನಾನು ಯಾವ ದಿನವನ್ನು ನೆನೆಸಿಕೊಳ್ಳಲಿ?” ಎಂದನು. ತಂದೆ ಉತ್ತರ ಕೊಡಲಿಲ್ಲ. ನಮ್ಮ ವಾದಗಳೆಲ್ಲಕ್ಕಿಂತ ಆ ಪ್ರಶ್ನೆಯೇ ಬಲವಾದುದಾಗಿತ್ತು.

ಆದರೆ ‘ಸುಳ್ಳು ಬೇಡ’ ಎಂದಷ್ಟೇ ಹೇಳಿ ಕಳುಹಿಸಿದರೆ ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ನಿಜವಾದ ಅನುಭವಕ್ಕೆ ದಾರಿಗಳುಂಟು. 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಸೇರಿದರು. ಕಾರ್ಖಾನೆಗಳಲ್ಲಿ ಒಂದು ವರ್ಷದ ತರಬೇತಿ, ಮಿತವಾದ ಮಾಸಿಕ ಭತ್ಯೆ, ಕೊನೆಯಲ್ಲಿ ಸರ್ಕಾರದ ಪ್ರಮಾಣಪತ್ರ ದೊರೆಯುತ್ತವೆ. ದಕ್ಷಿಣ ಭಾರತಕ್ಕೆ ಸಂಬಂಧಿಸಿದ ಮಂಡಲಿಯು ಚೆನ್ನೈಯಲ್ಲಿದೆ. ಪದವಿ ಪಡೆದು ಬಹಳ ಕಾಲ ಕಳೆಯುವ ಮೊದಲೇ ಇದನ್ನು ವಿಚಾರಿಸುವುದು ಒಳ್ಳೆಯದು. ಗೇಟ್ ಪರೀಕ್ಷೆಯ ಅಂಕವು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಉನ್ನತ ವ್ಯಾಸಂಗಕ್ಕಲ್ಲದೆ ಕೆಲವು ಸಾರ್ವಜನಿಕ ಉದ್ಯಮಗಳ ನೇಮಕಾತಿಗೂ ಅದು ಆಧಾರ. ಅರ್ಜಿಯಲ್ಲಿ ಕಾಲೇಜಿನ ಪ್ರಾಜೆಕ್ಟ್ ಒಂದರಲ್ಲಿ ತಾನೇ ಮಾಡಿದ ಭಾಗ ಯಾವುದು, ಎಲ್ಲಿ ತಪ್ಪಿದೆ, ಹೇಗೆ ತಿದ್ದಿದೆ ಎಂಬುದನ್ನು ಸರಳವಾಗಿ ಬರೆದರೆ ಅದಕ್ಕೂ ಬೆಲೆಯುಂಟು. ಕೆಲಸ ಕೊಡಿಸುವೆನೆಂದು ಮುಂಗಡ ಹಣ ಕೇಳುವವರಿಂದ ದೂರವಿರತಕ್ಕದ್ದು.

ಹಿರಿಯರಾದ ನಮಗೂ ಕರ್ತವ್ಯಗಳುಂಟು. ‘ಇನ್ನೂ ಕೆಲಸವಾಗಲಿಲ್ಲವೇ?’ ಎಂದು ಸಮಾರಂಭಗಳಲ್ಲಿ ಎಲ್ಲರೆದುರಿಗೆ ಕೇಳುವ ನಮ್ಮ ಚಪಲವೂ ಎಷ್ಟೋ ಮಕ್ಕಳನ್ನು ಅಡ್ಡದಾರಿಗೆ ನೂಕುತ್ತದೆ. ಕಾರ್ಖಾನೆಯನ್ನೋ ಕಚೇರಿಯನ್ನೋ ನಡೆಸುತ್ತಿರುವವರು ವರ್ಷಕ್ಕೊಬ್ಬ ಹೊಸಬರಿಗಾದರೂ ನಿಜವಾದ ಕೆಲಸವನ್ನು ಕಲಿಸಿ, ಕಲಿತಷ್ಟನ್ನೇ ಬರೆದು ಪತ್ರ ಕೊಟ್ಟರೆ, ಅದು ಅನ್ನದಾನಕ್ಕೆ ಕಡಿಮೆಯಾದ ಪುಣ್ಯವಲ್ಲ.

ಆ ಹುಡುಗನು ಈಗ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾನೆ. ಭತ್ಯೆಯು ಸಾಲದ ಕಂತಿಗೆ ಸಾಲದು. ಉಳಿದುದನ್ನು ತಂದೆಯೇ ಕಷ್ಟದಿಂದ ತುಂಬುತ್ತಿದ್ದಾರೆ. ಸತ್ಯದ ದಾರಿ ಅಗ್ಗವೆಂದು ನಾವು ಹೇಳುವುದಿಲ್ಲ. ಆದರೆ ಮೊನ್ನೆ ಭೇಟಿಯಾದಾಗ ಆತನು ಲೇತ್ ಯಂತ್ರದ ಮೇಲೆ ತಾನು ಕೆಡಿಸಿದ ಒಂದು ತುಂಡಿನ ಕಥೆಯನ್ನು ಕಾಲು ಗಂಟೆ ಹೇಳಿದನು. ನೆನೆಸಿಕೊಳ್ಳಲು ಅವನಿಗೀಗ ಒಂದು ದಿನವುಂಟು.