ಪಂಪೆಯನ್ನು ತೊಳೆಯುವವರು ಯಾರು?



ಪಂಪೆಯಲ್ಲಿ ಮುಳುಗಿ ಎದ್ದರೆ ಪಾಪ ತೊಳೆದುಹೋಗುತ್ತದೆ ಎಂದು ನಂಬುತ್ತೇವೆ. ಹಾಗಾದರೆ ಪಂಪೆಯನ್ನು ತೊಳೆಯುವವರು ಯಾರು?

ನದಿಯ ಹರಿವು, ಮರಳು ಒಂದಿಷ್ಟು ತೊಳೆಯುತ್ತವೆ. ಇನ್ನೊಂದಿಷ್ಟು ಕೆಲಸ ನಮ್ಮ ದಕ್ಷಿಣದ ನದಿಗಳ ತಳದಲ್ಲಿರುವ ಕಪ್ಪೆಚಿಪ್ಪುಗಳದ್ದು. ಕೆಸರಿನಲ್ಲಿ ಅರ್ಧ ಹೂತುಕೊಂಡು, ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ ಹೊರಗೆ ಬಿಡುತ್ತವೆ. ಪಾಚಿ, ಬ್ಯಾಕ್ಟೀರಿಯಾ ಅವುಗಳ ಊಟ. ಬೇಡವಾದ ಕಣಗಳನ್ನು ಲೋಳೆಯಲ್ಲಿ ಉಂಡೆ ಕಟ್ಟಿ ತಳಕ್ಕೆ ಇಳಿಸುತ್ತವೆ. ನೀರು ತಿಳಿಯಾಗುತ್ತದೆ, ಬಿಸಿಲು ಕೆಳಗಿನ ಗಿಡಗಳಿಗೂ ತಲುಪುತ್ತದೆ. ದೊಡ್ಡದೊಂದು ಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರು ಸೋಸಬಲ್ಲದು.

ಆದರೆ ನಾವು ಬಿಟ್ಟುಬರುವ ಬಟ್ಟೆ, ಪ್ಲಾಸ್ಟಿಕ್ಕನ್ನು ಅದು ಸೋಸಲಾರದು. ನೀರು ಕೆಟ್ಟರೆ ಮೀನಿನಂತೆ ಈಜಿ ದೂರ ಹೋಗಲೂ ಆಗದು. ಅದರ ಮರಿಗಳು ಮೊದಲು ಮೀನಿನ ಕಿವಿರು, ರೆಕ್ಕೆಗೆ ಅಂಟಿಕೊಂಡೇ ಬೆಳೆಯಬೇಕು. ಮೀನು ಹೋದರೆ ಚಿಪ್ಪಿನ ಸಂತತಿಯೂ ಹೋಯಿತು.

'ಲಕ್ಷಾಂತರ ಜನ ಬರುತ್ತಾರೆ, ನನ್ನೊಂದು ಪಂಚೆಯಿಂದ ಏನಾಗುತ್ತೆ ಸ್ವಾಮಿ?' ಎನ್ನುವವರಿದ್ದಾರೆ. ಇಷ್ಟು ದೊಡ್ಡ ನದಿಯಲ್ಲಿ ಒಂದು ಚಿಪ್ಪು ಸೋಸುವ ನೀರೂ ಲೆಕ್ಕಕ್ಕಿಲ್ಲ. ಆದರೂ ಅದು ತನ್ನ ಪಾಲನ್ನು ಬಿಟ್ಟಿಲ್ಲ. ಹಾಳು ಮಾಡುವುದೂ ಕಾಯುವುದೂ ಒಬ್ಬೊಬ್ಬರ ಪಾಲಿನಿಂದಲೇ. ಬಟ್ಟೆ ಬಿಡುವುದು ಆಚಾರದಲ್ಲೂ ಇಲ್ಲ, ಕೇರಳ ಹೈಕೋರ್ಟ್ ಅದನ್ನು ನಿಷೇಧಿಸಿಯೂ ಇದೆ.

ಸನ್ನಿಧಾನದಲ್ಲಿ 'ತತ್ತ್ವಮಸಿ' ಎಂದು ಬರೆದಿದೆ. ಮಾಲೆ ಹಾಕಿದ ಮೇಲೆ ಎದುರಿಗೆ ಬಂದವರನ್ನೆಲ್ಲ ಸ್ವಾಮಿ ಎನ್ನುತ್ತೇವೆ. ಕಾಲಡಿಯ ಕೆಸರಿನಲ್ಲಿ ಕಾಣದೆ ಇರುವ ಜೀವಕ್ಕೂ ಆ ಮಾತು ಸಲ್ಲಬೇಕಲ್ಲವೇ? ಈ ಸಲ ಇರುಮುಡಿಯ ಜೊತೆ ಒಂದು ಖಾಲಿ ಚೀಲವೂ ಇರಲಿ. ಒದ್ದೆ ಬಟ್ಟೆ ಅದರಲ್ಲೇ ಮನೆಗೆ ಬರಲಿ.

ಸ್ವಾಮಿಯೇ ಶರಣಮಯ್ಯಪ್ಪ.