ಕೂಡಿ ಕಟ್ಟಿದ ಆಟ ಯಾರದು?

ವ್ಯಾಪಾರದ ಪಾಲುದಾರಿಕೆಗೆ ಕರಾರುಪತ್ರ ಬರೆಯಿಸುವ ನಾವು, ಮಕ್ಕಳು ಗೆಳೆಯರೊಡಗೂಡಿ ವಿಡಿಯೋ ಗೇಮ್ ರಚಿಸತೊಡಗಿದಾಗ ‘ಸ್ನೇಹದಲ್ಲಿ ಕಾಗದವೇಕೆ?’ ಎನ್ನುತ್ತೇವೆ. ಒಬ್ಬನು ಪ್ರೋಗ್ರಾಂ ಬರೆಯುತ್ತಾನೆ, ಒಬ್ಬಳು ಚಿತ್ರ ಬಿಡಿಸುತ್ತಾಳೆ, ಮತ್ತೊಬ್ಬನು ಸಂಗೀತ ಕೂಡಿಸುತ್ತಾನೆ. ಮಾರಾಟಕ್ಕೆ ಬಂದ ದಿನ ಆ ಆಟ ಯಾರದು?

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರನಲ್ಲದೆ ಸ್ವತಂತ್ರವಾಗಿ ರಚಿಸಿದವನ ಹಕ್ಕು ಸಾಮಾನ್ಯವಾಗಿ ಅವನಲ್ಲೇ ಉಳಿಯುತ್ತದೆ. ಲಿಖಿತವಾಗಿ ಸಹಿಮಾಡಿ ವಹಿಸಿಕೊಡದ ಹೊರತು ಅದು ಪರರಿಗೆ ಸಲ್ಲದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷಗಳಿಗೆ ಮಾತ್ರ. ಆಟದ ಬರಿಯ ಕಲ್ಪನೆಗೆ ಈ ಕಾಯಿದೆಯ ರಕ್ಷಣೆಯಿಲ್ಲ. ಅದಕ್ಕೆ ಗೋಪ್ಯತೆಯ ಕರಾರು ಬೇಕು. 1984ರಲ್ಲಿ ಮಾಸ್ಕೋದಲ್ಲಿ ಟೆಟ್ರಿಸ್ ರಚಿಸಿದ ಅಲೆಕ್ಸೇ ಪಜಿಟ್ನೋವ್ ಅವರಿಗೆ ರಾಯಧನ ದೊರೆಯತೊಡಗಿದ್ದು 1996ರಲ್ಲಿ. ಅಷ್ಟರೊಳಗೆ ಲೋಕವೆಲ್ಲ ಅದನ್ನು ಆಡಿತ್ತು.

ರಕ್ಷಣೆಯೆಂದರೆ ನನ್ನದನ್ನು ಕಾಯುವುದೆಂದೇ ಬಗೆಯುತ್ತೇವೆ. ಆದರೆ ಗೆಳತಿಯ ಚಿತ್ರವನ್ನು ಅವಳ ಸಮ್ಮತಿಯಿಲ್ಲದೆ ಮಾರುವುದು ಅದತ್ತಾದಾನವಲ್ಲವೆ? ಅವಳು ಕೊಟ್ಟದ್ದು ಆಟಕ್ಕೋ, ಅವನಿಗೋ? ಅಂಗಡಿಯ ಲೆಕ್ಕ ಬಲ್ಲ ನನಗೂ ಉತ್ತರ ಸುಲಭವಾಗಿ ಹೊಳೆಯದು. ನಡುವೆ ಬಿಟ್ಟುಹೋದವರ ಪಾಲೆಷ್ಟೆಂಬುದನ್ನಂತೂ ಮೊದಲ ದಿನವೇ, ಎಲ್ಲರೂ ನಗುತ್ತ ಕುಳಿತಿರುವಾಗಲೇ, ಬರೆದಿಡಬೇಕು.