ಗಾಲಿಯ ಮೇಲಿನ ಮನೆಗೆ ಬಂದೂಕು ಬೇಕೆ?

ಮನುಷ್ಯರನ್ನು ನಾವೆಷ್ಟು ನಂಬುತ್ತೇವೆ ಎಂಬುದನ್ನು ನಮ್ಮ ಮಾತಿಗಿಂತ ನಮ್ಮ ಚಿಲಕ ಚೆನ್ನಾಗಿ ಹೇಳುತ್ತದೆ. 1651ರ 'ಲೆವಯಥನ್' ಗ್ರಂಥದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಓದುಗನನ್ನು ಕೆಣಕಿದ್ದು ಇದೇ ಜಾಡಿನಲ್ಲಿ. ದೇಶದಲ್ಲಿ ಕಾನೂನಿದೆ, ಅದನ್ನು ಕಾಯುವ ಅಧಿಕಾರಿಗಳಿದ್ದಾರೆ ಎಂದು ಗೊತ್ತಿದ್ದೂ ಮನುಷ್ಯ ಪ್ರಯಾಣ ಹೊರಟರೆ ಆಯುಧ ಕಟ್ಟಿಕೊಳ್ಳುತ್ತಾನೆ, ಜೊತೆಗೆ ನಾಲ್ಕು ಜನರನ್ನು ಹುಡುಕುತ್ತಾನೆ; ಮಲಗುವ ಮುನ್ನ ಬಾಗಿಲು ಭದ್ರಪಡಿಸುತ್ತಾನೆ; ಮನೆಯೊಳಗೂ ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ಹಾಗಿದ್ದರೆ ದಾರಿಯಲ್ಲಿ ಎದುರಾಗುವವರ, ನೆರೆಹೊರೆಯವರ, ಸ್ವಂತ ಮಕ್ಕಳ, ಆಳುಕಾಳುಗಳ ಬಗ್ಗೆ ಅವನ ನಿಜವಾದ ಅಭಿಪ್ರಾಯವೇನು ಎಂಬುದು ಹಾಬ್ಸ್‌ನ ಪ್ರಶ್ನೆ.

ದಾರಿಯ ಭಯ, ನಿದ್ದೆಯ ಭಯ, ಪೆಟ್ಟಿಗೆಯ ಭಯ ಮೂರೂ ಒಂದೇ ತಗಡಿನ ಗೋಡೆಯೊಳಗೆ ಸೇರಿರುವುದು ಇಂದಿನ ಅಮೆರಿಕದ ವ್ಯಾನ್‌ಗಳಲ್ಲಿ. ವ್ಯಾನನ್ನೇ ಮನೆ ಮಾಡಿಕೊಂಡವರು ಅಲ್ಲಿ ಎರಡು ಬಗೆ. ಕೆಲವರಿಗೆ ಊರೂರು ಸುತ್ತುವ ಹುಚ್ಚು. ಇನ್ನು ಕೆಲವರಿಗೆ ಮನೆ ಬಾಡಿಗೆ ಕಟ್ಟುವ ಶಕ್ತಿಯಿಲ್ಲ. ಈ ಎರಡನೆಯ ಬಗೆಯವರ ಬದುಕನ್ನು ಜೆಸ್ಸಿಕಾ ಬ್ರೂಡರ್ 2017ರ 'ನೊಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಬರೆದರು. ಅದನ್ನು ಆಧರಿಸಿದ ಕ್ಲೋಯಿ ಝಾವೊ ಅವರ ಸಿನಿಮಾ 2021ರಲ್ಲಿ ಆಸ್ಕರ್ ಗೆದ್ದಿತು. ಹೊಸದಾಗಿ ವ್ಯಾನ್ ಹತ್ತುವವರು ನೀರಿಗೇನು, ಶೌಚಕ್ಕೇನು ಎಂದು ವಿಚಾರಿಸಿದ ಮೇಲೆ ಕೇಳುವುದು ಬಂದೂಕಿನ ಬಗ್ಗೆ: ಇಟ್ಟುಕೊಳ್ಳಬೇಕೋ ಬೇಡವೋ?

ಇದಕ್ಕೆ ಉತ್ತರ ಹೇಳುವವರು ಸಾಮಾನ್ಯವಾಗಿ ಹಕ್ಕಿನ ಮಾತಾಡುತ್ತಾರೆ, ಇಲ್ಲವೇ ಅಪಾಯದ ಲೆಕ್ಕ ಹಾಕುತ್ತಾರೆ. ಅದಕ್ಕೂ ಮುಂಚೆ ಇತ್ಯರ್ಥವಾಗಬೇಕಾದದ್ದು ಬೇರೊಂದಿದೆ. ಮನೆ ಕಾಯಲು ಇನ್ನೊಬ್ಬನ ಜೀವ ತೆಗೆಯಬಹುದು ಎಂಬ ಅನುಮತಿ ಹುಟ್ಟಿದ್ದು ಯಾವ ಕಾರಣದಿಂದ? ಆ ಕಾರಣ ಗಾಲಿಯ ಮೇಲಿನ ಮನೆಗೂ ಸಲ್ಲುತ್ತದೆಯೆ?

ಮನುಷ್ಯನಿಗೆ ಮನೆಯೇ ಕೋಟೆ ಎಂಬ ತತ್ವ ಇಂಗ್ಲೆಂಡಿನ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1604ರ ಸೆಮೇನ್ ಪ್ರಕರಣದಿಂದ. ಅದನ್ನು ದಾಖಲಿಸಿದವರು ಕಾನೂನು ಪಂಡಿತ ಎಡ್ವರ್ಡ್ ಕೋಕ್. ಬೀದಿಯಲ್ಲಿ ಯಾರಾದರೂ ಮೈಮೇಲೆ ಬಿದ್ದರೆ, ಸಾಧ್ಯವಿದ್ದಷ್ಟೂ ಹಿಂದೆ ಸರಿ ಎನ್ನುತ್ತಿದ್ದ ಕಾನೂನು ಮನೆಯೊಳಗಿದ್ದವನಿಗೆ ಆ ಷರತ್ತು ಹಾಕಲಿಲ್ಲ. ಇದರ ಹಿಂದಿನ ತರ್ಕ ಸರಳ. ಹಿಂದೆ ಸರಿಯುತ್ತ ಹೋದವನು ಕೊನೆಗೆ ಸೇರುವುದು ಮನೆಯನ್ನೇ. ಅಲ್ಲಿಂದ ಆಚೆಗೆ ಹೋಗಲು ಜಾಗವಿಲ್ಲ. ಅಮೆರಿಕದ ಹಲವು ರಾಜ್ಯಗಳು ಈ ರಕ್ಷಣೆಯನ್ನು ವಾಹನಕ್ಕೂ ಹಿಗ್ಗಿಸಿವೆ. ಫ್ಲಾರಿಡಾ 2005ರಲ್ಲಿ, ಟೆಕ್ಸಸ್ 2007ರಲ್ಲಿ ಜನರಿರುವ ವಾಹನವನ್ನು ಮನೆಯ ಸಾಲಿಗೇ ಸೇರಿಸಿದವು.

ಇದೇ ವ್ಯಾನ್ ಪೊಲೀಸರ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಸ್ಯಾನ್ ಡಿಯೇಗೊ ನಗರದ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಒಂದು ಮೋಟಾರ್ ಹೋಮ್ ಅನ್ನು ವಾರಂಟ್ ಇಲ್ಲದೆ ಶೋಧಿಸಿದ್ದು ಸರಿಯೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಿಟಕಿಗೆ ಪರದೆಯಿತ್ತು, ಒಳಗೆ ಮಲಗುವ ಜಾಗವಿತ್ತು, ಫ್ರಿಜ್ ಇತ್ತು. ಆದರೂ 1985ರ 'ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ' ತೀರ್ಪಿನಲ್ಲಿ ಬಹುಮತದ ನ್ಯಾಯಮೂರ್ತಿಗಳು ಶೋಧ ಸರಿ ಎಂದರು. ಕೀಲಿ ತಿರುಗಿಸಿದರೆ ಓಡಿಹೋಗಬಲ್ಲದ್ದನ್ನು ಮನೆಯ ಹಾಗೆ ನೋಡಲಾಗದು ಎಂಬುದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಅಂದರೆ ಒಳನುಗ್ಗುವ ಕಳ್ಳನ ಎದುರು ಕೋಟೆ, ಒಳನುಗ್ಗುವ ಪೊಲೀಸರ ಎದುರು ಬರೀ ಗಾಡಿ. ಇನ್ನು ಬಂದೂಕಿನ ಅಂಗಡಿಗೆ ಹೋದರೆ ತುಂಬಬೇಕಾದ ಫೆಡರಲ್ ಫಾರಂ ವಾಸದ ವಿಳಾಸ ಕೇಳುತ್ತದೆ, ಅಂಚೆ ಪೆಟ್ಟಿಗೆಯ ನಂಬರ್ ಒಪ್ಪುವುದಿಲ್ಲ. ವಿಳಾಸವಿಲ್ಲದ ಮನೆಯನ್ನು ಕಾಯುವ ಆಯುಧಕ್ಕೂ ಮೊದಲು ವಿಳಾಸ ಬೇಕು.

ವ್ಯಾನ್ ಮನೆಯಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ 1860ರ ದಂಡ ಸಂಹಿತೆಯೇ, ಜನ ವಾಸಿಸುವ ಕಟ್ಟಡದ ಜೊತೆ ಡೇರೆಯನ್ನೂ ಹಡಗನ್ನೂ ಮನೆಯೆಂದು ಎಣಿಸಿತ್ತು. ಹೊಸ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಉಣ್ಣುವ, ಮಲಗುವ, ಕಾಯಿಲೆ ಬಿದ್ದರೆ ಮುದುಡಿಕೊಳ್ಳುವ ಜಾಗ ಮನೆಯೇ. ನನ್ನ ತಕರಾರು ಕೋಟೆಯ ತರ್ಕದ ಬಗ್ಗೆ. ಆ ತರ್ಕದ ಬುಡ ಇರುವುದು ಇನ್ನು ಹೋಗಲು ಜಾಗವಿಲ್ಲ ಎಂಬಲ್ಲಿ. ಆದರೆ ಈ ಮನೆ ತಾನೇ ಎದ್ದು ಹೋಗಬಲ್ಲದು. ವ್ಯಾನ್‌ವಾಸಿ ಜಗಳದಿಂದ ಹಿಂದೆ ಸರಿದರೆ ಒಲೆ, ಹಾಸಿಗೆ, ಪುಸ್ತಕ ಎಲ್ಲವೂ ಅವನ ಜೊತೆ ಸರಿಯುತ್ತವೆ. ನೆಲಕ್ಕೆ ಅಂಟಿಕೊಂಡ ಮನೆಯವನಿಗೆ ಈ ಭಾಗ್ಯವಿಲ್ಲ. ಎಲ್ಲ ಬಿಟ್ಟು ಹೊರಟವನು ಕೋಟೆಯ ಅಭ್ಯಾಸವೊಂದನ್ನು ಮಾತ್ರ ಬಿಡದೆ ಹೊತ್ತುಕೊಂಡು ಬಂದರೆ, ಅವನು ಆರಿಸಿಕೊಂಡ ಬದುಕಿನ ಮುಖ್ಯ ಶಕ್ತಿಯನ್ನೇ ಮರೆತ ಹಾಗೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬ್ಯಾಟರಿ ಇಳಿದಿರುತ್ತದೆ, ಟೈರ್ ಪಂಚರ್ ಆಗಿರುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಕೆಲವು ವ್ಯಾನ್‌ಗಳಲ್ಲಿ ಮಲಗುವ ಭಾಗಕ್ಕೂ ಡ್ರೈವರ್ ಸೀಟಿಗೂ ನಡುವೆ ತಗಡಿನ ಅಡ್ಡಗೋಡೆ. ಓಡಿಸಬೇಕಾದರೆ ಮೊದಲು ಕೆಳಗಿಳಿಯಬೇಕು. ಒಬ್ಬಂಟಿ ಹೆಂಗಸಿಗೆ 'ಗಾಡಿ ಹೊರಡಿಸು' ಎಂದು ಉಪದೇಶಿಸುವುದು ಸುಲಭ. ಒಪ್ಪೋಣ: ಮೂಲೆಗೆ ಸಿಕ್ಕವರಿಗೆ ಪ್ರಾಣ ಉಳಿಸಿಕೊಳ್ಳುವ ಹಕ್ಕು ಎಲ್ಲೆಲ್ಲೂ ಇದೆ, ಮರಳುಗಾಡಿನಲ್ಲೂ ಇದೆ. ಆದರೆ ಅದು ದೇಹದ ಹಕ್ಕು, ಕೋಟೆಯ ಹಕ್ಕಲ್ಲ. ಮೊದಲನೆಯದು ಬೇರೆ ದಾರಿ ಇದೆಯೇ ಎಂದು ಕೇಳುತ್ತದೆ, ಎರಡನೆಯದು ಕೇಳುವುದಿಲ್ಲ.

ಇನ್ನು, ಆ ಗಳಿಗೆಯಲ್ಲಿ ಬಂದೂಕು ಎಲ್ಲಿರುತ್ತದೆ ನೋಡಿ. ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆದೇ ತೀರುತ್ತದೆ ಎಂಬ ಭರವಸೆಯಿಲ್ಲ. ಕಟ್ಟುನಿಟ್ಟಿನ ರಾಜ್ಯವೊಂದನ್ನು ಹಾದುಹೋಗುವವರಿಗೆ 1986ರ ಫೆಡರಲ್ ಕಾಯ್ದೆ ರಕ್ಷಣೆ ಕೊಡುತ್ತದೆ, ಆದರೆ ಷರತ್ತಿನ ಮೇಲೆ: ಗುಂಡು ತುಂಬಿರಬಾರದು, ಡಿಕ್ಕಿಯಿಲ್ಲದ ವಾಹನವಾದರೆ ಬಂದೂಕೂ ಗುಂಡೂ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಡ್ಯಾಶ್‌ಬೋರ್ಡಿನ ಖಾನೆ ಸಾಲದು. ಈಗ ರಾತ್ರಿ ಎರಡು ಗಂಟೆ. ಕಿಟಕಿಗೆಲ್ಲ ಕಪ್ಪು ಪರದೆ, ಹೊರಗಿನದೇನೂ ಕಾಣದು. ಪರದೆಯ ಅಂಚಿನಲ್ಲಿ ಟಾರ್ಚಿನ ಬೆಳಕು ಹರಿದಾಡುತ್ತದೆ, ತಗಡಿನ ಮೇಲೆ ಮೂರು ಬಡಿತ. ಒಳಗಿದ್ದವರು ಮಂಚದಡಿಯ ಪೆಟ್ಟಿಗೆಗೆ ತಡಕಾಡಬೇಕು, ಕತ್ತಲಲ್ಲಿ ಬೀಗದ ನಂಬರ್ ಹೊಂದಿಸಬೇಕು, ಗುಂಡು ತುಂಬಬೇಕು. ಅಂಥ ರಾಜ್ಯದಲ್ಲಿ ಕಾನೂನು ಮೀರದ ಬಂದೂಕು ಹೊತ್ತಿಗೆ ಒದಗುವುದಿಲ್ಲ, ಹೊತ್ತಿಗೆ ಒದಗುವ ಬಂದೂಕು ಕಾನೂನು ಮೀರಿರುತ್ತದೆ.

ಅದು ಒದಗಿತು ಎಂದೇ ಇಟ್ಟುಕೊಳ್ಳೋಣ. ಬಡಿದವರು ಯಾರು? ವ್ಯಾನ್‌ವಾಸಿಗಳ ಬಾಯಲ್ಲಿ 'ನಾಕ್' ಎಂದರೆ ಪೊಲೀಸರೋ ಸೆಕ್ಯುರಿಟಿಯವರೋ ಬಂದು ಇಲ್ಲಿಂದ ಎದ್ದು ಹೋಗಿ ಎನ್ನುವುದು. ಬೀದಿಬದಿ ಮಲಗುವುದನ್ನು ತಡೆಯುವ ನಿಯಮಗಳನ್ನು ಊರುಗಳು ಜಾರಿಗೊಳಿಸಬಹುದೆಂದು 2024ರಲ್ಲಿ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಬಡಿತಕ್ಕೆ ಇನ್ನಷ್ಟು ಬಲ ಬಂದಿದೆ. ಆ ಬಡಿತಕ್ಕೆ ಬಂದೂಕು ಹಿಡಿದು ಓಗೊಟ್ಟರೆ ಸಾಯುವವರು ಒಳಗಿನವರೇ. 2016ರಲ್ಲಿ ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ವರ್ಣೀಯ ತನ್ನ ಬಳಿ ಬಂದೂಕಿದೆ ಎಂದು ತಾನಾಗಿ ಪೊಲೀಸನಿಗೆ ತಿಳಿಸಿದ, ಪರವಾನಗಿಯೂ ಇತ್ತು. ಕಾರಿನ ಸೀಟಿನಲ್ಲಿ ಕುಳಿತಿದ್ದಂತೆಯೇ ಗುಂಡಿಗೆ ಬಲಿಯಾದ. ಆಯುಧ ಕೊಡುವ ಅಭಯ ಎಲ್ಲ ಮೈಬಣ್ಣಕ್ಕೂ ಒಂದೇ ಅಲ್ಲ. ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇನ್ನೂ ಒಂದು ಮಾತು: ಎಚ್-1ಬಿ ವೀಸಾದಲ್ಲಿದ್ದವರು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ.

ಬಂದೂಕು ಸಮಾಜದೊಳಗೆ ಒಗ್ಗಿಕೊಂಡು ಬಾಳಿದ ಉದಾಹರಣೆ ಇಲ್ಲವೆಂದಲ್ಲ, ಕೊಡಗು ಕಣ್ಣೆದುರಿಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅಲ್ಲಿ ಕೋವಿಗೆ ಕೈಲ್‌ಪೊಳ್ದ್‌ ಹಬ್ಬದಲ್ಲಿ ಪೂಜೆಯಾಗುತ್ತದೆ. ಹುಟ್ಟು ಸಾವಿನ ಸುದ್ದಿ ಮುಟ್ಟಿಸಲು ಗುಂಡು ಹಾರಿಸುವ ವಾಡಿಕೆಯೂ ಇದೆ. ಆ ಸದ್ದಿಗೆ ಅರ್ಥ ಬರುವುದು ಕಿವಿಗೊಡುವ ಊರಿರುವುದರಿಂದ. ಯಾವ ಕೋವಿ ಯಾರ ಮನೆಯದು ಎಂದು ಬಲ್ಲ ಜನ ಸುತ್ತ ಇದ್ದಾರೆ. ನೆವಾಡದ ಬಯಲಿನಲ್ಲಿ ಒಂಟಿ ವ್ಯಾನಿನಿಂದ ಹಾರುವ ಗುಂಡಿಗೆ ಅಂಥ ಕಿವಿಗಳಿಲ್ಲ. ಅಲ್ಲಿ ಬಂದೂಕು ಇರುವುದೇ ಊರಿಲ್ಲದ ಕೊರತೆ ತುಂಬಲು, ಮತ್ತು ಆ ಕೊರತೆ ತುಂಬುವುದು ಅದರ ಕೈಯಲ್ಲಿ ಆಗದ ಕೆಲಸ.

ಹಾಬ್ಸ್ ಹೇಳಿದ ಪ್ರಯಾಣಿಕ ಆಯುಧದ ಜೊತೆಗೆ ಜೊತೆಗಾರರನ್ನೂ ಹುಡುಕುತ್ತಿದ್ದ ಎಂಬುದನ್ನು ಮರೆಯಬಾರದು. ವ್ಯಾನ್‌ವಾಸಿಗಳು ಈ ಎರಡನೆಯದನ್ನು ತಾವಾಗಿ ಕಂಡುಕೊಂಡಿದ್ದಾರೆ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್ ಬಳಿಯ ಸರ್ಕಾರಿ ಬಯಲಿನಲ್ಲಿ ಸಾಲುಸಾಲು ವ್ಯಾನ್‌ಗಳು ಬಂದು ನಿಲ್ಲುತ್ತವೆ. ಪಕ್ಕದ ಗಾಡಿಯವರ ಮುಖ ಪರಿಚಯವಾಗುತ್ತದೆ, ಯಾರ ನಾಯಿ ಯಾವಾಗ ಬೊಗಳುತ್ತದೆ ಎಂಬುದೂ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2004ರಿಂದ, ವಾಹನದಲ್ಲೇ ಮಲಗುವವರಿಗೆ ರಾತ್ರಿ ನಿಲ್ಲಲು ಗೊತ್ತುಪಡಿಸಿದ ಪಾರ್ಕಿಂಗ್ ಜಾಗಗಳಿವೆ. ಅಂಥ ಕಡೆ ನಡುರಾತ್ರಿ ಯಾರಾದರೂ ಬಡಿದರೆ, ಬಡಿದವರು ಯಾರಿರಬಹುದು ಎಂಬ ಊಹೆಗೆ ಒಂದು ಮಿತಿಯಿರುತ್ತದೆ.

ಅರೆನಿದ್ದೆಯಲ್ಲಿ ಎದ್ದು, ಕಾಣದವನೊಬ್ಬ ಸಾಯಬೇಕೋ ಬದುಕಬೇಕೋ ಎಂದು ತೀರ್ಮಾನಿಸುವ ಹೊರೆಯಿಂದ ಬಿಡುಗಡೆ ಕೊಡುವುದೇ ಮನೆಯ ದೊಡ್ಡ ಉಪಕಾರ. ಬಂದೂಕು ಆ ಹೊರೆಯನ್ನು ಪ್ರತಿ ರಾತ್ರಿ ಮಂಚದಡಿಗೆ ತಂದಿಡುತ್ತದೆ. ಆದ್ದರಿಂದ ವ್ಯಾನಿನಲ್ಲಿ ಆಯುಧ ಬೇಕೇ ಎಂಬ ಪ್ರಶ್ನೆಯನ್ನು ವ್ಯಾನ್‌ವಾಸಿಯೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಅನ್ಯಾಯ. ಅವರು ರಾತ್ರಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಊರು ಉತ್ತರಿಸಲಿ. ಉತ್ತರ ಕೊಡದೆ ಎಬ್ಬಿಸಿ ಅಟ್ಟುವ ಊರಿಗೆ, ಅವರ ಮಂಚದಡಿಯ ಬಂದೂಕಿನ ಬಗ್ಗೆ ನೀತಿ ಹೇಳುವ ಅಧಿಕಾರವಿಲ್ಲ.